ಧನುರ್ಮಾಸದಲ್ಲಿ ಧಾರವಾಡಕ್ಕೆ

"ಧನುರ್ಮಾಸದಲ್ಲಿ ಯಾರಾದರೂ ಮನೆ ಬದಲಿಸ್ತಾರಾ?" ಬೆಂಗಳೂರು ಬಿಟ್ಟು ಧಾರವಾಡಕ್ಕೆ ಹೋಗ್ತಿದ್ದೇವೆ ಅಂದಾಗ ಅರ್ಧ ಜನ ಕೇಳಿದ್ದು ಇದನ್ನೇ. ಉಳಿದರ್ಧ ಜನ "ಕ್ರಿಸ್‌ಮಸ್ ವಾರದಲ್ಲಾ? ಲಾರಿ ಸಿಕ್ಕೀತಾ?" ಅಂದರು. ಇಬ್ಬರ ಮಾತಲ್ಲೂ ಅರ್ಥ ಇತ್ತು. ಆದರೆ ನಮ್ಮ ಯಜಮಾನರು 2025ರ ಜನವರಿ 2ಕ್ಕೆ ಹುಬ್ಬಳ್ಳಿ ಕಚೇರಿಯಲ್ಲಿ ಹಾಜರಾಗಬೇಕಿತ್ತು. ಮಗಳ ಶಾಲೆಗೆ ರಜೆ ಇದ್ದದ್ದೂ ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಮಾತ್ರ.

ಧನುರ್ಮಾಸದ ತಕರಾರನ್ನು ಅತ್ತೆಯೇ ಬಗೆಹರಿಸಿದರು. ಡಿಸೆಂಬರ್ 16ಕ್ಕೆ ಧನುರ್ಮಾಸ ಹಿಡಿಯುವ ಮುಂಚೆಯೇ ಧಾರವಾಡಕ್ಕೆ ಹೋಗಿ, ಹಿಡಿದಿಟ್ಟಿದ್ದ ಬಾಡಿಗೆ ಮನೆಯಲ್ಲಿ ಹಾಲುಕ್ಕಿಸಿ, ಉಪ್ಪು, ಅರಿಶಿನ, ಒಂದು ಡಬ್ಬಿ ಅಕ್ಕಿ ಇಟ್ಟು ಬೀಗ ಹಾಕಿಕೊಂಡು ಬಂದರು. "ಮನಿ ಹೊಕ್ಕಾತು. ಇನ್ನ ಸಾಮಾನು ಯಾವಾಗ ಬಂದರೇನು?" ಅಂತ ಅವರ ತೀರ್ಮಾನ. ಇರದ ಮನೆಗೆ ಸುಮ್ನೆ ಅರ್ಧ ತಿಂಗಳ ಬಾಡಿಗೆ ಕಟ್ಟಿದೆವು. ಆದರೆ ಕೊನೆಯ ವಾರ ಮುಹೂರ್ತ ನೋಡುವ ತಲೆನೋವು ಇರಲಿಲ್ಲ. ಧನುರ್ಮಾಸದಲ್ಲಿ ಊರು ಬಿಡಬೇಕಾದ ಯಾರಿಗಾದರೂ ನಾನು ಇದನ್ನೇ ಹೇಳುತ್ತೇನೆ.

ಇನ್ನೊಂದು ವಿಷಯ ಮೊದಲೇ ಮಾತಾಡಿಕೊಂಡಿದ್ದೆವು. ಸಾಮಾನು ಲಾರಿಯಲ್ಲಿ, ಬೈಕ್ ರೈಲಿನಲ್ಲಿ, ನಾವು ಕಾರಿನಲ್ಲಿ. ಮೂರೂ ಒಂದೇ ದಿನ ತಲುಪಬೇಕು ಅಂತ ಹಟ ಬೇಡ. ರಜೆಯ ವಾರದಲ್ಲಿ ಯಾವುದೂ ಹೇಳಿದ ಹೊತ್ತಿಗೆ ಬರುವುದಿಲ್ಲ. ಬರುವವರೆಗೆ ದಾರಿಯಲ್ಲೇ ಇದ್ದು ಊರು ನೋಡೋಣ, ಅಷ್ಟೆ.

ಡಿಸೆಂಬರ್ 25, ಬುಧವಾರ: ಬೆಂಗಳೂರು

ಪೆಟ್ಟಿಗೆ ಕಟ್ಟುವ ಕಥೆ ಯಾರಿಗೆ ಗೊತ್ತಿಲ್ಲ? ಅದನ್ನು ಬಿಡುತ್ತೇನೆ. ಗ್ಯಾಸಿನ ಕೆಲಸ ಮಾತ್ರ ಕ್ರಿಸ್‌ಮಸ್‌ಗೂ ಮೊದಲೇ ಮುಗಿಸಿದ್ದೆವು. ಊರು ಬದಲಾದರೆ ಸಿಲಿಂಡರ್ ಮತ್ತು ರೆಗ್ಯುಲೇಟರ್ ಎರಡನ್ನೂ ಹಳೇ ಏಜೆನ್ಸಿಗೆ ಒಪ್ಪಿಸಿ ಟ್ರಾನ್ಸ್‌ಫರ್ ವೋಚರ್ ತಗೋಬೇಕು. ಕಟ್ಟಿದ್ದ ಡಿಪಾಸಿಟ್ ವಾಪಸ್ ಬರುತ್ತದೆ. ಹೊಸ ಊರಲ್ಲಿ ಈಗಿನ ದರದಲ್ಲಿ ಮತ್ತೆ ಕಟ್ಟಬೇಕು. ನಡುವಿನ ದಿನಗಳಿಗೆ ಅಂತ ಕರೆಂಟ್ ಒಲೆ, ಒಂದು ಕುಕ್ಕರ್, ನಾಲ್ಕು ತಟ್ಟೆ ಕಾರಿನ ಡಿಕ್ಕಿಗೆ ಸೇರಿದವು. ಬೈಕ್ ಹಿಂದಿನ ದಿನವೇ ರೈಲ್ವೆ ಪಾರ್ಸಲ್‌ಗೆ ಹೋಗಿತ್ತು.

ಸಂಜೆಯ ದಟ್ಟಣೆ ಹೊತ್ತಿನಲ್ಲಿ ಊರೊಳಗೆ ಲಾರಿ ಬಿಡುವುದಿಲ್ಲ. ಹಾಗಾಗಿ ಕಂಟೇನರ್ ಗಾಡಿ ಬಂದಾಗ ರಾತ್ರಿ ಒಂಬತ್ತಾಗಿತ್ತು. ಬಳಸಿದ ಮನೆ ಸಾಮಾನಿಗೆ ಸರಕು ಸಾಗಣೆಯ ಇ-ವೇ ಬಿಲ್ ಬೇಕಿಲ್ಲ. ಆದರೂ ಸಾಮಾನಿನ ಪಟ್ಟಿಗೆ ಸಹಿ ಹಾಕಿ ಒಂದು ಪ್ರತಿ ಚಾಲಕನ ಕೈಗೆ ಕೊಟ್ಟೆವು, ದಾರಿಯಲ್ಲಿ ಯಾರಾದರೂ ನಿಲ್ಲಿಸಿ ಕೇಳಿದರೆ ಇರಲಿ ಅಂತ. ಬಾಡಿಗೆಯಲ್ಲಿ ಒಂದು ಪಾಲು ಇಳಿಸಿದ ಮೇಲೆಯೇ ಕೊಡುವುದು ಅಂತ ಇವರು ಪಟ್ಟು ಹಿಡಿದರು. ಆ ಪಟ್ಟು ಆಮೇಲೆ ಕೆಲಸಕ್ಕೆ ಬಂತು.

ಬಾಗಿಲು ಮುಚ್ಚುವಾಗ ನೋಡಿದರೆ ಕಂಟೇನರ್‌ನ ಒಳಮೂಲೆಯಲ್ಲಿ ಮೊದಲೇ ಯಾರದೋ ಸಾಮಾನು ಇತ್ತು. ಕೇಳಿದ್ದಕ್ಕೆ "ಬೆಳಗಾವಿ ಪಾರ್ಟಿದು ಸ್ವಲ್ಪ ಇದೆ ಸಾರ್, ನಿಮ್ಮದು ಇಳಿಸಿ ಅಲ್ಲಿಗೆ ಹೋಗ್ತೀವಿ" ಅಂದರು. ಪೂರ್ತಿ ಗಾಡಿ ನಮಗೇ ಅಂತ ಮಾತಾಗಿತ್ತು. ಕ್ರಿಸ್‌ಮಸ್ ರಾತ್ರಿ ಹತ್ತೂವರೆಗೆ ಬೇರೆ ಗಾಡಿ ಎಲ್ಲಿಂದ ತರೋದು?

ಡಿಸೆಂಬರ್ 26, ಗುರುವಾರ: ಬ್ಯಾಡಗಿ ದಾರಿಯಲ್ಲಿ ಹಾವೇರಿಗೆ

ಬೆಳಗಿನ ನಾಲ್ಕೂವರೆಗೆ ಹೊರಟೆವು. ರಜೆಗೆ ಹೋಗುವವರು ಮಂಗಳವಾರ ಸಂಜೆಯೇ ಊರು ಬಿಟ್ಟಿದ್ದರು. ನೆಲಮಂಗಲದವರೆಗೂ ರಸ್ತೆ ಖಾಲಿ. ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಮಂಜಿನಲ್ಲಿ ಅರ್ಧರ್ಧ ಕಾಣುತ್ತಿದ್ದವು. ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಬೇಕು ಅಂತ ಮಗಳು ರಾಗ ಎಳೆದಳು, ಆದರೆ ಯಾರಿಗೂ ಹೊಟ್ಟೆಯಲ್ಲಿ ಜಾಗ ಇರಲಿಲ್ಲ.

ಹರಿಹರದ ಹತ್ತಿರ ತುಂಗಭದ್ರೆ ದಾಟಿದರೆ ಹಾವೇರಿ ಜಿಲ್ಲೆ. ಮಾತು ಅಲ್ಲಿಂದಲೇ ಬದಲಾಗುತ್ತದೆ, ಅತ್ತೆಯ ಮುಖವೂ. ರಾಣೆಬೆನ್ನೂರು ಸುತ್ತಮುತ್ತ ಸರ್ವಿಸ್ ರಸ್ತೆಯ ಒಂದು ಪಕ್ಕ ಪೂರ್ತಿ ಗೋವಿನಜೋಳ ಹರವಿದ್ದರು. ಅಂಚಿಗೆ ಸಾಲಾಗಿ ಕಲ್ಲು, ಮೂಲೆಗೊಂದು ಟೊಂಗೆ. ಒಬ್ಬ ಅಜ್ಜ ಕಾಲಲ್ಲೇ ಗೆರೆ ಎಳೆಯುತ್ತಾ ಕಾಳು ತಿರುವಿಹಾಕುತ್ತಿದ್ದ. ಅಂಥಲ್ಲಿ ಗಾಡಿ ನಿಧಾನ ಮಾಡಲೇಬೇಕು, ಕಾಳಿನ ಮೇಲೆ ಬ್ರೇಕ್ ಹಿಡಿದರೆ ಜಾರುತ್ತದೆ.

ಲಾರಿಯವರು ಫೋನಿನಲ್ಲಿ "ಹಿರಿಯೂರು ಹತ್ತಿರ ಟೈರ್ ಕೆಲಸ, ನಾಳೆ ಬರ್ತೀವಿ" ಅಂದರು. ಸರಿ, ನಮಗೆ ದಿನ ಸಿಕ್ಕಿತು. ಗುರುವಾರ ಬೇರೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆ ಸೋಮವಾರ, ಗುರುವಾರವೇ. ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಒಳಗೆ ತಿರುಗಿದೆವು.

ಮಾರುಕಟ್ಟೆ ಕಾಣುವ ಮೊದಲೇ ಮೂಗಿಗೆ ಗೊತ್ತಾಗುತ್ತದೆ. ಕಾರಿನ ಗಾಜು ಏರಿಸಿದರೂ ಮಗಳು ಸೀನಲು ಶುರುಮಾಡಿದಳು. ಮುಖಕ್ಕೆ ಒದ್ದೆ ಕರವಸ್ತ್ರ ಕಟ್ಟಿಕೊಂಡು ಇಳಿದರೆ ಚೀಲಗಳ ಬಾಯಿ ಬಿಚ್ಚಿ ಸಾಲಾಗಿ ನಿಲ್ಲಿಸಿದ್ದರು. ಹೊಸ ಮಾಲು ಆಗಷ್ಟೇ ಬರಲು ಶುರುವಾಗಿತ್ತು. ಭರಾಟೆ ಏನಿದ್ದರೂ ಸಂಕ್ರಾಂತಿ ಕಳೆದ ಮೇಲಂತೆ. ಬಳ್ಳಾರಿ, ರಾಯಚೂರು, ಆಂಧ್ರದ ಕರ್ನೂಲು ಕಡೆಯಿಂದೆಲ್ಲ ಇಲ್ಲಿಗೆ ಬರುತ್ತದೆ. 2011ರಲ್ಲಿ ಈ ಮೆಣಸಿನಕಾಯಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿದೆ. ಒಂದು ಅಂಗಡಿಯ ಮುಂದೆ ತೊಟ್ಟು ಬಿಡಿಸುತ್ತಾ ಕೂತಿದ್ದ ಹೆಂಗಸು ನನ್ನ ಕೈಗೆ ಎರಡು ಕಾಯಿ ಕೊಟ್ಟಳು. ಒಂದು ಉದ್ದ, ತೆಳ್ಳಗೆ, ಮೈತುಂಬ ಸುಕ್ಕು. ಅದು ಕಡ್ಡಿ. ಇನ್ನೊಂದು ಗಿಡ್ಡ, ಹೊಟ್ಟೆ ಉಬ್ಬಿದ್ದು. ಅದು ಡಬ್ಬಿ. ಸುಕ್ಕಿನ ಮಡಿಕೆಯೊಳಗೆ ಬೆರಳಾಡಿಸಿದರೆ ಉಗುರಿನ ಸಂದಿಗೆ ಬಣ್ಣ ಹತ್ತಿತು.

"ಖಾರ ಬೇಕಂದ್ರ ಗುಂಟೂರು ತಗೋರಿ ಅಕ್ಕಾರ. ಬಣ್ಣ ಬೇಕಂದ್ರ ಇದು. ನೋಡಾಕ ಕೆಂಪು, ತಿನ್ನಾಕ ಸಾಧು."

ವರ್ಷಕ್ಕಾಗುವಷ್ಟು ಈಗಲೇ ತಗೊಳ್ಳೋಣ ಅಂತ ಇವರು ಹೊರಟರು. ಆಕೆಯೇ ತಡೆದಳು. "ಈಗಿಂದು ಇನ್ನಾ ಹಸಿ ಐತ್ರಿ. ಇಲ್ಲಾಂದ್ರ ಕೋಲ್ಡ್ ಸ್ಟೋರೇಜಿಂದು ಹಳೀದು. ಫೆಬ್ರವರಿಗೆ ಬರ್ರಿ, ಧಾರವಾಡ ಏನು ದೂರ ಐತಿ?" ವ್ಯಾಪಾರ ಬೇಡ ಅನ್ನುವ ವ್ಯಾಪಾರಿಯನ್ನು ನಾನು ಬೆಂಗಳೂರಲ್ಲಿ ಕಂಡಿಲ್ಲ. ಒಂದು ಕಿಲೋ ಮಾತ್ರ ತಗೊಂಡೆವು.

ರಾತ್ರಿ ಹಾವೇರಿಯಲ್ಲಿ ನಾದಿನಿಯ ಮನೆ. ಸಂಜೆ ಪಶ್ಚಿಮಕ್ಕೆ ಮುಖ ಮಾಡಿದ ಸಿದ್ಧೇಶ್ವರ ಗುಡಿಯಲ್ಲಿ ಒಂದಿಷ್ಟು ಹೊತ್ತು ಕೂತು ಬಂದೆವು. ಬರುತ್ತಾ ಏಲಕ್ಕಿ ಮಾಲೆ ಕಟ್ಟುವುದನ್ನು ನೋಡಿದೆವು. ಒಂದೊಂದೇ ಏಲಕ್ಕಿಯನ್ನು ಸೂಜಿಗೆ ಏರಿಸಿ, ನಡುನಡುವೆ ಬಣ್ಣದ ಮಣಿ, ಜರಿ ಸೇರಿಸುತ್ತಾರೆ. ಸನ್ಮಾನ ಸಮಾರಂಭಗಳಲ್ಲಿ ದೊಡ್ಡವರ ಕೊರಳಿಗೆ ಬೀಳುವ ಹಾರ ಇದೇ. ಊಟಕ್ಕೆ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಲೆ, ಜುಣಕ, ಗುರೆಳ್ಳು ಚಟ್ನಿ. ನಾದಿನಿ ಮನೆ ಇಲ್ಲದಿದ್ದರೆ ಅವತ್ತು ಕಷ್ಟವೇ ಇತ್ತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದ 1924ರ ಕಾಂಗ್ರೆಸ್ ಅಧಿವೇಶನದ ನೂರು ವರ್ಷದ ಸಮಾವೇಶ ಅದೇ ದಿನ ಬೆಳಗಾವಿಯಲ್ಲಿ ಶುರುವಾಗಿತ್ತು. ನಾವು ವಿಚಾರಿಸಿದ ಹುಬ್ಬಳ್ಳಿ, ಧಾರವಾಡದ ಲಾಡ್ಜ್‌ಗಳಲ್ಲೆಲ್ಲ ಕೋಣೆ ಇಲ್ಲ ಅಂದಿದ್ದರು.

ಮಲಗುವ ಹೊತ್ತಿಗೆ ಟಿವಿಯಲ್ಲಿ ಮನಮೋಹನ್ ಸಿಂಗ್ ತೀರಿಕೊಂಡ ಸುದ್ದಿ ಬಂತು. ಮರುದಿನ ಸರ್ಕಾರಿ ರಜೆ. ಶಾಲೆಗೆ ಹೋಗಿ ವಿಚಾರಿಸುವುದು, ಕರೆಂಟಿನ ಹೆಸ್ಕಾಂ ಕಚೇರಿ, ಎಲ್ಲ ಮುಂದಕ್ಕೆ ಹೋಯಿತು.

ಡಿಸೆಂಬರ್ 27, ಶುಕ್ರವಾರ: ಬಂಕಾಪುರ, ಧಾರವಾಡ

ಲಾರಿ ಬರುವುದು ಮಧ್ಯಾಹ್ನ ಅಂತ ಗೊತ್ತಾಗಿದ್ದರಿಂದ ಬಂಕಾಪುರದ ಕೋಟೆಗೆ ಹೋದೆವು. ಕೋಟೆಯೊಳಗೇ ನವಿಲುಧಾಮ. ಚಳಿ ಬಿಡುವ ಮೊದಲು ಹೋದರೆ ಜಾಸ್ತಿ ಕಾಣುತ್ತವೆ. ಹುಲ್ಲಿನ ನಡುವೆ ಕಂಡವು, ಆದರೆ ಗಂಡು ನವಿಲುಗಳ ಬಾಲ ಇನ್ನೂ ಗಿಡ್ಡ. ಮಳೆಗಾಲ ಮುಗಿಯುತ್ತಲೇ ಗರಿ ಉದುರಿ, ಈಗ ಹೊಸದು ಬೆಳೆಯುತ್ತಿರುತ್ತದೆ. "ಇದೂ ಮನೆ ಖಾಲಿ ಮಾಡಿದೆಯಾ?" ಅಂತ ಮಗಳು ಕೇಳಿದಳು. ಅರವತ್ತು ಕಂಬದ ಗುಡಿ ಅಂತ ಕರೆಯುವ ನಗರೇಶ್ವರ ಗುಡಿಯ ಕಂಬಗಳು ಅಷ್ಟು ಹೊತ್ತಿಗೇ ತಣ್ಣಗೆ ಹೊಳೆಯುತ್ತಿದ್ದವು. ಕೈಯಿಟ್ಟರೆ ಕನ್ನಡಿ ನಯ. ಕಾವಲಿನವರು, "ಇಷ್ಟ ಲಗೂ ಹೊಂಟ್ರಿ?" ಅಂದರು. ಹೊರಡುವ ಮನಸ್ಸು ನಮಗೂ ಇರಲಿಲ್ಲ.

ಗಬ್ಬೂರಿನಿಂದ ಹುಬ್ಬಳ್ಳಿ-ಧಾರವಾಡ ಬೈಪಾಸ್ ಹಿಡಿದೆವು. ಅಗಲ ಮಾಡುವ ಕೆಲಸ ನಡೆದಿತ್ತು. ಅಲ್ಲಲ್ಲಿ ಮಣ್ಣಿನ ಗುಡ್ಡೆ, ದಿಕ್ಕು ಬದಲಿಸುವ ಫಲಕ, ಎದುರಿಗೇ ಬರುವ ಲಾರಿಗಳು. ಬೆಂಗಳೂರಿನಿಂದ ಅಲ್ಲಿಯವರೆಗೆ ಓಡಿಸಿಕೊಂಡು ಬಂದ ವೇಗವನ್ನು ಅಲ್ಲಿ ಮರೆಯಬೇಕು. ರಾತ್ರಿಯಾದರೆ ಇನ್ನೂ ಜಾಗ್ರತೆ.

ನಮ್ಮ ಮನೆ ಸಪ್ತಾಪುರದ ಒಂದು ಓಣಿಯಲ್ಲಿ. ಕಂಟೇನರ್ ಬಂದಿದ್ದು ಮೂರು ಗಂಟೆಗೆ. ಓಣಿಯ ಬಾಯಲ್ಲೇ ನಿಂತುಬಿಟ್ಟಿತು. ಮಾವಿನ ಮರದ ಟೊಂಗೆ ಒಂದು ಅಡ್ಡ ಚಾಚಿತ್ತು. ಅದರ ಕೆಳಗೆ ಕೇಬಲ್ ವಯರುಗಳ ಗೊಂಚಲು ಜೋತಿತ್ತು. ಗಾಡಿಯ ನೆತ್ತಿಗೂ ಟೊಂಗೆಗೂ ಒಂದು ಗೇಣು ಸಾಲದು. ಚಾಲಕ ಟೊಂಗೆ ಕಡಿಯೋಣ ಅಂದ. ಅಷ್ಟರಲ್ಲಿ ಎದುರುಮನೆಯ ಕಾಕು ಗೇಟಿಗೆ ಬಂದು ನಿಂತರು. "ಆ ಗಿಡಕ್ಕ ಕೈ ಹಚ್ಚಿದ್ರ ನೋಡ್ರಿ ಮತ್ತ! ನಮ್ಮ ಮಾವನವರು ಹಚ್ಚಿದ ಆಪೂಸು ಅದು."

ಆಪೂಸಿನ ವಿಷಯದಲ್ಲಿ ಧಾರವಾಡದವರ ಹತ್ತಿರ ವಾದ ಮಾಡಬಾರದು. ಕಾಕು ಅವರೇ ಯಾರಿಗೋ ಫೋನ್ ಮಾಡಿ ಎರಡು ಟಾಟಾ ಏಸ್ ಮತ್ತು ನಾಲ್ವರು ಹಮಾಲರನ್ನು ಕರೆಸಿದರು. ದೊಡ್ಡ ಗಾಡಿಯಿಂದ ಸಣ್ಣ ಗಾಡಿಗೆ, ಅಲ್ಲಿಂದ ಮನೆಗೆ. ಮನೆ ನೋಡಲು ಹೋದಾಗ ಅಡುಗೆಮನೆ, ನಲ್ಲಿ, ಗಾಳಿ ಬೆಳಕು ಎಲ್ಲ ನೋಡುತ್ತೇವೆ. ಓಣಿಯಲ್ಲಿ ತಲೆಯೆತ್ತಿ ವಯರು, ಟೊಂಗೆ ಎಷ್ಟು ಎತ್ತರಕ್ಕಿವೆ ಅಂತಲೂ ನೋಡಿ, ಒಂದು ಫೋಟೋ ತೆಗೆದು ಲಾರಿಯವರಿಗೆ ಕಳಿಸಿ. ಏಸ್ ಗಾಡಿಯ ಬಾಡಿಗೆ ಯಾರು ಕೊಡಬೇಕು ಅನ್ನುವ ಜಗಳ ಅಲ್ಲೇ ಶುರುವಾಯಿತು.

ಇದರ ನಡುವೆ ಕಾಕು ಮತ್ತೊಮ್ಮೆ ಓಡಿಬಂದರು. "ನೀರು ಬಂದಾವ! ಸಾಮಾನು ಆಮ್ಯಾಲೆ. ಮೊದಲ ತುಂಬಿಸಿಕೋರಿ, ಮತ್ತ ಎಂದ ಬಿಡ್ತಾರೋ ಏನೋ." ಇಲ್ಲಿನ ಎಷ್ಟೋ ಓಣಿಗಳಿಗೆ ನೀರು ಬರುವುದು ಕೆಲವು ದಿನಕ್ಕೊಮ್ಮೆ ಅಂತ ಅತ್ತೆಗೆ ಗೊತ್ತಿತ್ತು. ಡ್ರಮ್ಮು, ಕೊಡ, ಪೈಪು ಎಲ್ಲವನ್ನೂ ಅವರು ಹಟ ಮಾಡಿ ಲಾರಿಗೆ ಕಟ್ಟಕಡೆಗೆ ಏರಿಸಿದ್ದರು. ಆದ್ದರಿಂದ ಮೊದಲು ಇಳಿದದ್ದೂ ಅವೇ. ಸೋಫಾ ಬೀದಿಯಲ್ಲಿ, ನಾವು ನಲ್ಲಿ ಮುಂದೆ.

ಇಳಿಸಿ ಮುಗಿಯುವಾಗ ಕತ್ತಲೆ. ಹಿರಿಯ ಹಮಾಲ ಕೊನೆಯ ಪೆಟ್ಟಿಗೆ ಇಟ್ಟು, "ಬೆಂಗಳೂರು ಬಿಟ್ಟು ಈ ಕಡೆ ಬರೋವ್ರು ಕಡಿಮಿ ಸಾಹೇಬ್ರ. ನಾವು ಹೇರಿ ಕಳಸೋದ ಜಾಸ್ತಿ" ಅಂದ. ಬೆಳಗಾವಿ ಗಾಡಿ ಹೊರಟುಹೋಯಿತು. ರಾತ್ರಿ ಪಟ್ಟಿ ಹಿಡಿದು ನೋಡಿದರೆ ಅಡುಗೆಮನೆಯ ಒಂದು ಪೆಟ್ಟಿಗೆ ಇಲ್ಲ. ರೊಟ್ಟಿ ಹಂಚು, ಒಗ್ಗರಣೆ ಸೌಟು, ಮಸಾಲೆ ಡಬ್ಬಿ ಇದ್ದದ್ದು ಅದರಲ್ಲೇ. ಅದರ ಬದಲು ಅಷ್ಟೇ ಗಾತ್ರದ ಇನ್ಯಾರದೋ ಪೆಟ್ಟಿಗೆ. ಅಲ್ಲಾಡಿಸಿದರೆ ಒಳಗೆ ಗಂಟೆಯ ಸದ್ದು.

"ದೇವರ ಸಾಮಾನು ಅದು. ತೆಗೀಬ್ಯಾಡ್ರಿ" ಅಂದ ಅತ್ತೆ, ಅದನ್ನು ಕಪಾಟಿನ ಮೇಲೆ ಇಡಿಸಿ ಮುಂದೊಂದು ದೀಪ ಹಚ್ಚಿದರು.

ಡಿಸೆಂಬರ್ 28, ಶನಿವಾರ: ಹುಬ್ಬಳ್ಳಿ

ಬೈಕ್ ಬಂದಿದೆ ಅಂತ ಗೊತ್ತಾಯಿತು. ನಿಲ್ದಾಣದಲ್ಲಿ ಬಿಟ್ಟರೆ ದಂಡ ಬೀಳುತ್ತದೆ. ಬೆಳಿಗ್ಗೆಯೇ ಜ್ಯುಬಿಲಿ ಸರ್ಕಲ್‌ನಲ್ಲಿ ಚಿಗರಿ ಬಸ್ಸು ಹತ್ತಿದೆವು. ರಸ್ತೆಯ ನಡುವೆ ಅದಕ್ಕೇ ಬೇರೆ ದಾರಿ. ಪಕ್ಕದ ಕಾರುಗಳು ಸಿಗ್ನಲ್‌ಗೆ ಕಾಯುವಾಗ ಬಸ್ಸು ಸುಮ್ನೆ ಹೋಗುತ್ತಲೇ ಇರುತ್ತದೆ. ನವನಗರ, ಉಣಕಲ್ ಕೆರೆ ದಾಟಿ ಹುಬ್ಬಳ್ಳಿ. ಬಸ್ಸಿನಲ್ಲಿ ಎಲ್ಲರ ಮಾತೂ ಒಂದೇ. ಆ ವಾರವಷ್ಟೇ ಉಣಕಲ್ ಬಳಿ ಅಯ್ಯಪ್ಪ ಮಾಲಾಧಾರಿಗಳು ಮಲಗಿದ್ದಲ್ಲಿ ಗ್ಯಾಸ್ ಸೋರಿ ಬೆಂಕಿ ಹತ್ತಿತ್ತು. ಒಬ್ಬೊಬ್ಬರೇ ಆಸ್ಪತ್ರೆಯಲ್ಲಿ ತೀರಿಕೊಳ್ಳುತ್ತಿದ್ದರು. ನನ್ನ ಪಕ್ಕ ಕೂತಿದ್ದ ಹೆಂಗಸು ನಾವು ಹೊಸ ಗ್ಯಾಸಿಗೆ ಬರೆಸಬೇಕು ಅಂದದ್ದನ್ನು ಕೇಳಿ, "ಹಳೀ ಪೈಪ್ ಒಗೀರಿ ತಂಗಿ. ಹೊಸದ ಹಾಕಸ್ರಿ. ಮಲಗೂಮುಂದ ರೆಗ್ಯುಲೇಟರ್ ಬಂದ್ ಮಾಡ್ರಿ" ಅಂತ ಎರಡು ಸಲ ಹೇಳಿದಳು. ಅವತ್ತು ಸಂಜೆ ಏಜೆನ್ಸಿಗೆ ವೋಚರ್ ಕೊಡುವಾಗ ಪೈಪನ್ನೂ ಹೊಸದೇ ತಗೊಂಡೆವು.

ಹುಬ್ಬಳ್ಳಿ ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ಮಗಳಿಗೆ ಅದನ್ನು ಈ ತುದಿಯಿಂದ ಆ ತುದಿಗೆ ನಡೆಯುವ ಆಸೆ. ಕಾಲುಭಾಗ ನಡೆಯುವಷ್ಟರಲ್ಲಿ ಆಸೆ ಮುಗಿಯಿತು.

ಬೈಕಿಗೆ ಗೋಣಿಚೀಲ ಸುತ್ತಿ ಹಗ್ಗ ಬಿಗಿದಿದ್ದರು. ಚೀಲದ ಮೇಲೆ ಮಾರ್ಕರಿನಲ್ಲಿ ದಪ್ಪಗೆ ಹುಬ್ಬಳ್ಳಿ ನಿಲ್ದಾಣದ ಸಂಕೇತ ಯುಬಿಎಲ್ ಅಂತ. ಒಂದು ಕನ್ನಡಿ ಬಿರುಕು ಬಿಟ್ಟಿತ್ತು. ರೈಲಿಗೆ ಹಾಕುವ ಮುಂಚೆ ಕನ್ನಡಿ ಬಿಚ್ಚಿ ಕಾರಿನಲ್ಲಿಟ್ಟುಕೊಳ್ಳುವುದು ಒಳ್ಳೇದು. ಆರ್‌ಸಿ ಪ್ರತಿ, ಗುರುತಿನ ಚೀಟಿ, ರಸೀದಿ ತೋರಿಸಿ ಬಿಡಿಸಿಕೊಂಡೆವು. ಟ್ಯಾಂಕ್ ಖಾಲಿ ಮಾಡಿಯೇ ಕಳಿಸುವ ನಿಯಮ, ಹಾಗಾಗಿ ಪೆಟ್ರೋಲ್ ಬಂಕ್‌ವರೆಗೆ ತಳ್ಳಿದ್ದು. ತಳ್ಳಿ ದಣಿದ ಮೇಲೆ ದುರ್ಗದಬೈಲಿನಲ್ಲಿ ತಿಂದ ಗಿರಮಿಟ್ಟು, ಮಿರ್ಚಿಯ ರುಚಿ ಇನ್ನೂ ನಾಲಿಗೆಯಲ್ಲಿದೆ. ಈರುಳ್ಳಿ, ಪುಟಾಣಿ ಹಿಟ್ಟು, ಹುಳಿಯ ಒಗ್ಗರಣೆ ಮಂಡಕ್ಕಿಗೆ ಹತ್ತಿ ಮೆತ್ತಗಾಗುವ ಮೊದಲೇ ತಿನ್ನಬೇಕು.

ಭಾನುವಾರ ಪೂರ್ತಿ ಪೆಟ್ಟಿಗೆ ಬಿಚ್ಚುವುದರಲ್ಲಿ ಹೋಯಿತು. ಹಂಚು ಇಲ್ಲದ ಮನೆಯಲ್ಲಿ ರೊಟ್ಟಿ ಇಲ್ಲ. ಎರಡು ಹೊತ್ತೂ ಖಾನಾವಳಿ. ಸಂಜೆ ಲೈನ್ ಬಜಾರಿಗೆ ಹೋಗಿ ಪೇಡೆ ತಂದೆವು.

ಡಿಸೆಂಬರ್ 30, ಸೋಮವಾರ: ಅಣ್ಣಿಗೇರಿಯ ಹೊಲ

ಆ ದಿನ ಎಳ್ಳ ಅಮವಾಸ್ಯೆ. ಅತ್ತೆಯ ತಮ್ಮ ಹಿಂದಿನ ರಾತ್ರಿಯೇ ಫೋನ್ ಮಾಡಿ, "ಅಕ್ಕಾ, ಡಬ್ಬಿ ತಗದು ಇಡೂದು ನಾಳೆ ಬಿಡು, ಚರಗಕ್ಕ ಬರ್ರಿ" ಅಂದಿದ್ದರು. ಹೊಲಕ್ಕೆ ಬುತ್ತಿ ಒಯ್ದು ಬೆಳೆಗೆ ನೈವೇದ್ಯ ಚೆಲ್ಲುವುದೇ ಚರಗ. ಹುಬ್ಬಳ್ಳಿ ದಾಟಿ ಗದಗ ರಸ್ತೆ ಹಿಡಿದರೆ ನಲವಡಿಯಿಂದ ಮುಂದೆ ಕಣ್ಣು ಹಾಯುವವರೆಗೆ ಎರೆಹೊಲ. ಕಡಲೆ, ಬಿಳಿಜೋಳ, ನಡುನಡುವೆ ಕುಸುಬಿ. ಮರ ಅಂದರೆ ಅಲ್ಲೊಂದು ಇಲ್ಲೊಂದು. ರಸ್ತೆಯಲ್ಲಿ ಟ್ರ್ಯಾಕ್ಟರ್, ಟಂಟಂ, ಚಕ್ಕಡಿ, ಎಲ್ಲದರಲ್ಲೂ ಜನ, ಜನರ ತೊಡೆಯ ಮೇಲೆ ಬುತ್ತಿ ಬುಟ್ಟಿ.

ಹೊಲದ ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಸುಣ್ಣ ಹಚ್ಚಿದ್ದರು. ಅವರೇ ಪಾಂಡವರು. ಪೂಜೆ ಆದ ಮೇಲೆ ಸೋದರಮಾವ ಬುಟ್ಟಿಯಿಂದ ಅನ್ನ, ಕಡುಬು ಚೂರು ತೆಗೆದು ಬೆಳೆಯ ಮೇಲೆ ಚೆಲ್ಲುತ್ತಾ ಹೊಲ ಸುತ್ತಿದರು. ಹಿಂದೆ ಹುಡುಗರು ಕೂಗು ಹಾಕುತ್ತಾ ನೀರು ಚಿಮುಕಿಸಿದರು. ಮಗಳು ಬೆಂಗಳೂರಿನ ಬೂಟು ಕಳಚಿ ಅವರ ಹಿಂದೆ ಓಡಿದಳು. ಎರೆಮಣ್ಣಿನ ಬಿರುಕಿಗೆ ಕಾಲು ಸಿಕ್ಕಿ ಒಮ್ಮೆ ಬಿದ್ದಳು, ಎದ್ದು ಮತ್ತೆ ಓಡಿದಳು.

ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆ ಬದನೆಕಾಯಿ, ಶೇಂಗಾ ಹೋಳಿಗೆ, ಕೆನೆಮೊಸರು. ರೊಟ್ಟಿ ಕಟಕ್ ಅಂತ ಮುರಿಯುತ್ತಿತ್ತು. ಊಟ ಆದ ಮೇಲೂ ಬಿಡಲಿಲ್ಲ. ಕುಳ್ಳಿನ ಕೆಂಡ ಮಾಡಿ ಹಸಿ ಜೋಳದ ತೆನೆ ಅದರೊಳಗೆ ಹೂತರು. ಬಿಸಿ ಇರುವಾಗಲೇ ತೆನೆಯನ್ನು ಕಂಬಳಿಯ ಮೇಲೆ ಬಡಿದರೆ ಹಸಿರು ಕಾಳು ಉದುರುತ್ತವೆ. ಅದೇ ಸೀತನಿ. ಬೆಲ್ಲ, ಶೇಂಗಾ ಚಟ್ನಿ ಜೊತೆ ಒಂದು ಹಿಡಿ ಬಾಯಿಗೆ ಹಾಕಿದರೆ ಹಾಲು, ಹೊಗೆ ಎರಡೂ ರುಚಿ. ವರ್ಷದಲ್ಲಿ ಕೆಲವೇ ವಾರ ಸಿಗುವ ಇದಕ್ಕಾಗಿಯಾದರೂ ಚಳಿಗಾಲದಲ್ಲೇ ಮನೆ ಬದಲಿಸಬೇಕು ಅನ್ನಿಸಿತು.

ಮರಳಿ ಬರುವಾಗ ಅಣ್ಣಿಗೇರಿಯ ಅಮೃತೇಶ್ವರ ಗುಡಿಗೆ ಹೋದೆವು. ಹೊಲದಿಂದ ಬಂದವರ ಬುತ್ತಿ ಅಂಗಳದಲ್ಲೂ ಬಿಚ್ಚಿತ್ತು. ಅಪರಿಚಿತ ಅಜ್ಜಿಯೊಬ್ಬರು ನಮ್ಮ ಕೈಗೂ ಒಂದೊಂದು ಹೋಳಿಗೆ ಹಾಕಿ, ಹೆಸರು ಕೂಡ ಕೇಳದೆ ಮುಂದೆ ಹೋದರು. ಸೋದರಮಾವ ಕಾರಿಗೆ ಹಸಿ ಕಡಲೆಯ ಎರಡು ಕಟ್ಟು ತುರುಕಿದರು.

ಜನವರಿ 1, ಬುಧವಾರ

ಬೆಳಗಾವಿಯವರ ಫೋನು ಬಂತು. ನಮ್ಮ ಪಟ್ಟಿಯ ಪ್ರತಿ ಚಾಲಕನ ಹತ್ತಿರ ಇತ್ತಲ್ಲ, ಅದರಲ್ಲಿ ನಂಬರು ಸಿಕ್ಕಿತಂತೆ. ಮಧ್ಯಾಹ್ನ ಗಂಡ ಹೆಂಡತಿ ನಮ್ಮ ಹಂಚು, ಸೌಟು ಹಿಡಿದುಕೊಂಡು ತಾವೇ ಬಂದರು, ಕೈಯಲ್ಲಿ ಒಂದು ಡಬ್ಬಿ ಕುಂದಾ. ಅತ್ತೆ ಕಪಾಟಿನ ಮೇಲಿಂದ ಅವರ ಪೆಟ್ಟಿಗೆ ಇಳಿಸಿ, ಕುಂಕುಮ ಹಚ್ಚಿ ಒಪ್ಪಿಸಿದರು. ಆ ಹೆಂಗಸಿಗೆ ಅರ್ಥವಾಗಲಿಲ್ಲ. ಅಲ್ಲೇ ಬಿಚ್ಚಿ ತೋರಿಸಿದರು. ಅವರ ಮಗಳು ಭರತನಾಟ್ಯಕ್ಕೆ ಕಟ್ಟುವ ಗೆಜ್ಜೆಗಳು, ಕೆಳಗೆ ಹಳೇ ಪರದೆ.

"ಗೆಜ್ಜಿನೂ ದೇವರ ಬಿಡ್ರಿ," ಅಂದರು ಅತ್ತೆ, ಒಂಚೂರೂ ಅಳುಕದೆ. ಪೇಡೆ ಕಟ್ಟಿ ಕೊಟ್ಟು ಕಳಿಸಿದರು.

ಆ ಸಂಜೆ ಹೊಸ ಸಿಲಿಂಡರ್ ಬಂತು, ರೊಟ್ಟಿಯೂ ಆಯಿತು. ಮರುದಿನ ಇವರು ಚಿಗರಿಯಲ್ಲಿ ಕಚೇರಿಗೆ ಹೋದರು, ನಾನು ಮಗಳ ಟಿ.ಸಿ. ಹಿಡಿದು ಶಾಲೆಗೆ. ಲಾರಿಯವರು ಉಳಿದ ಬಾಡಿಗೆಗೆ ದಿನಾ ಫೋನ್ ಮಾಡುತ್ತಿದ್ದಾರೆ. ಏಸ್ ಗಾಡಿಯ ಖರ್ಚು, ಹಮಾಲಿ ಎರಡನ್ನೂ ಕಳೆದೇ ಕೊಡುವುದು ಅಂತ ಇವರು. ಮಾತು ಇನ್ನೂ ನಡೆದಿದೆ.